ಫ್ಯಾನ್ ಇಲ್ಲದ ವಿಮಾನ

ವಿಮಾನ ಇಟ್ಟುಕೊಂಡವರ ಹತ್ತಿರ ಕೆಲಸಕ್ಕಿದ್ದರೆ ನಗುವುದಕ್ಕೆ ಬೇರೆ ಪುರಸೊತ್ತು ಬೇಕಾಗಿಲ್ಲ, ಕೆಲಸವೇ ನಗಿಸುತ್ತದೆ. ಗೋಕಾಕದಲ್ಲಿ ನಾನು ನೀರಾವರಿ ಪೈಪಿನ ಕಾರ್ಖಾನೆಯ ಮ್ಯಾನೇಜರನಾಗಿದ್ದೆ. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಎಸ್.ಟಿ.ಡಿ. ಬೂತಿನ ಮುಂದೆ ಜನ ಪಾಳಿ ಹಚ್ಚುತ್ತಿದ್ದ ಆ ಕಾಲದಲ್ಲಿ ನಮ್ಮ ಮಾಲಕರು ಸ್ವಂತ ವಿಮಾನ ಇಟ್ಟಿದ್ದರು. ಟರ್ಬೊಪ್ರಾಪ್ ಅಂತ ಅದರ ಹೆಸರು. ಎರಡು ರೆಕ್ಕೆಗೂ ಒಂದೊಂದು ದೊಡ್ಡ ಫ್ಯಾನು. ಅದು ಇರುವಷ್ಟು ದಿನ ನಗಿಸಿತು, ಮಾರುವಾಗ ಇನ್ನೂ ಹೆಚ್ಚು ನಗಿಸಿತು.

ಅಕ್ಕನವರ ಕರಾರು

ಮಾಲಕರ ಹೆಂಡತಿಯನ್ನು ನಾವೆಲ್ಲ ಅಕ್ಕನವರು ಎನ್ನುತ್ತಿದ್ದೆವು. ಇಡೀ ಗೋಕಾಕದ ದೊಡ್ಡವರು ಆ ವಿಮಾನ ಹತ್ತಿ ಇಳಿದಿದ್ದರು. ಅಕ್ಕನವರು ಮಾತ್ರ ಅದರ ಮೆಟ್ಟಿಲಿಗೂ ಕಾಲಿಟ್ಟಿರಲಿಲ್ಲ.

"ಬಾರ, ಪುಣೆಕ ಹೋಗಿ ಚಹಾ ಕುಡದ ಬರೂನು" ಎಂದು ಮಾಲಕರು ಕರೆಯುವರು.

"ಹೊರಗ ಅಷ್ಟ ದೊಡ್ಡ ಫ್ಯಾನ್ ತಿರಗತಿರತಾವು. ಸೆರಗ ಸಿಕ್ಕರ ಬಿಡಸವ್ರ ಯಾರು?"

"ಕಿಡಕಿ ಮುಚ್ಚಿರತೈತಿ."

"ನನ್ನ ಕಣ್ಣ ತೆರದಿರತಾವಲ್ಲ!"

ಮಾಲಕರಿಗೆ ಇದರಿಂದ ಆಗುತ್ತಿದ್ದ ಅವಮಾನ ಸಣ್ಣದಲ್ಲ. ಅಕ್ಕನವರ ತವರು ಹುಕ್ಕೇರಿ. ನಾಗರಪಂಚಮಿಗೆ ಹೋದಾಗಲೆಲ್ಲ ಬೀಗರು ಜೋಕಾಲಿ ಕೆಳಗೆ ಕುಳಿತು ಒಂದೇ ಹಾಡು ಹಾಡುವರು: "ಅಳಿಯಂದ್ರು ಆಕಾಶದಾಗ, ನಮ್ಮ ಹುಡುಗಿ ಕೆಂಪ ಬಸ್ಸಿನಾಗ!" ಹಬ್ಬದ ಉಂಡಿ ಬಾಯಲ್ಲಿಟ್ಟುಕೊಂಡು ಮಾಲಕರು ನುಂಗಲೂ ಆಗದೆ ಉಗುಳಲೂ ಆಗದೆ ಕೂರುವರು. ಹೆಂಡತಿಯನ್ನು ಒಮ್ಮೆಯಾದರೂ ಹಾರಿಸಬೇಕು, ಅದನ್ನು ಹುಕ್ಕೇರಿಯವರು ನೋಡಬೇಕು, ಅವರಿಗೆ ಇದ್ದ ಆಸೆ ಅದೊಂದೇ.

ಒಂದು ವರ್ಷ ಅಕ್ಕನವರೇ ಬೇಸತ್ತು, "ಫ್ಯಾನ್ ಇಲ್ಲದ್ದ ತರ್ರಿ, ಹತ್ತತೇನಿ" ಎಂದುಬಿಟ್ಟರು. ಮರುದಿನ ಮಾಲಕರು ನನ್ನನ್ನು ಕರೆದು, "ಇದನ್ನ ಮಾರೂದು, ಜೆಟ್ ತರೂದು" ಎಂದರು.

"ನಮ್ಮ ಧಂದೇಕ ಜೆಟ್ ಬೇಕೇನ್ರಿ?" ಎಂದೆ.

"ಧಂದೇಕ ಯಾರಿಗೆ ಬೇಕಾಗೈತೋ? ಹುಕ್ಕೇರಿಗೆ ಬೇಕಾಗೈತಿ!"

ಗಾಳಿ ಇಲ್ಲದ ದಿನ

ನಮ್ಮ ವಿಮಾನ ಇಳಿಯುತ್ತಿದ್ದದ್ದು ಅಂಕಲಗಿ ಹತ್ತಿರ, ಹೊಲದಲ್ಲಿ ಮುರುಮು ಮಣ್ಣು ಬಡಿದು ಮಾಡಿದ ಪಟ್ಟಿಯ ಮೇಲೆ. ಆ ಹೊಲವನ್ನು ನಮಗೆ ಕೊಟ್ಟ ಗೌಡರು ಬಾಜೂದಲ್ಲೇ ಇದ್ದರು. ಸುಗ್ಗಿಯಲ್ಲಿ ಒಮ್ಮೆ ಗಾಳಿ ಬಿದ್ದುಹೋಗಿ ಜೋಳದ ರಾಶಿ ತೂರಲಾಗದೆ ಅವರು ಕಂಗಾಲಾಗಿದ್ದಾಗ, ನಮ್ಮ ಪೈಲಟ್ ಕ್ಯಾಪ್ಟನ್ ಸಾಹೇಬರು ಎಂಜಿನ್ ಪರೀಕ್ಷೆಗೆಂದು ಫ್ಯಾನು ತಿರುಗಿಸಿದರು. ಗೌಡರ ಕಣದ ಹೊಟ್ಟೆಲ್ಲ ಎದ್ದು ಪಕ್ಕದ ಊರಿಗೆ ಹೋಯಿತು. ಅಂದಿನಿಂದ ಎಂಜಿನ್ ಸದ್ದು ಕೇಳಿದರೆ ಸಾಕು, ಸುತ್ತಲಿನ ಒಕ್ಕಲಿಗರು ಬುಟ್ಟಿ ಹೊತ್ತು ವಿಮಾನದ ಹಿಂದೆ ದೂರದಲ್ಲಿ ಸಾಲಾಗಿ ನಿಲ್ಲುವರು. ಕ್ಯಾಪ್ಟನ್ನರು ಮೊದಮೊದಲು ರೇಗಿದರು. ಹೊಸ ಜೋಳದ ರೊಟ್ಟಿ ಮನೆಗೆ ಬರತೊಡಗಿದ ಮೇಲೆ ಸುಮ್ಮನಾದರು.

ವಿಮಾನ ಕೊಳ್ಳಲು ಪುಣೆಯಿಂದ ಒಬ್ಬ ಸಾವಕಾರರು ಬರುವವರಿದ್ದರು. ಗೌಡರಿಗೆ ನಾನು ಕೈಮುಗಿದು, "ಇವತ್ತೊಂದ ದಿನ ಬುಟ್ಟಿ ತರಬ್ಯಾಡ್ರಿ" ಎಂದು ಹೇಳಿ ಬಂದೆ. ಗೌಡರು ತರಲಿಲ್ಲ. ಉಳಿದ ಊರೆಲ್ಲ ತಂದಿತು.

ಎಂಜಿನ್ ಶುರುವಾದದ್ದೇ ತಡ, ಬೇಲಿಯಾಚೆಯಿಂದ ಜನ ಬಂದು ಬುಟ್ಟಿ ಎತ್ತಿದರು. ಸಾವಕಾರರ ಜೊತೆ ಬೆಂಗಳೂರಿನಿಂದ ಬಂದಿದ್ದ ದಲ್ಲಾಳಿಯ ಕರಿ ಕೋಟು ಹೊಟ್ಟು ಮೆತ್ತಿ ಬೆಳ್ಳಗಾಯಿತು. ವ್ಯಾಪಾರ ಮುರಿಯಿತೆಂದುಕೊಂಡು ನಾನು ಅವನ ಕೋಟು ಕೊಡವತೊಡಗಿದೆ. ಸಾವಕಾರರು ಮೂಲತಃ ಸಾಂಗಲಿ ಕಡೆಯ ಒಕ್ಕಲು ಮನೆತನದವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಅವರು ನೆಟ್ಟಗೆ ರಾಶಿಯ ಹತ್ತಿರ ಹೋದರು, ಒಂದು ಹಿಡಿ ಜೋಳ ಎತ್ತಿಕೊಂಡರು, ಅಂಗೈಯಲ್ಲಿ ಉಜ್ಜಿ ಊದಿ ನೋಡಿದರು.

"ಒಂದ ಹೊಟ್ಟ ಸೈತ ಉಳದಿಲ್ಲ. ಎಂಜಿನ್ ಚಲೋ ಐತಿ, ತಗೋತೇನಿ" ಎಂದರು.

ಟವೆಲ್ಲಿನೊಳಗೆ

ಇನ್ನು ಬೆಲೆಯ ಮಾತು, ಅದಕ್ಕೆ ಮಾಲಕರ ಮನೆಗೆ ಬಂದೆವು. ಮಾಲಕರದು ಜೈನ ಮನೆತನ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಬಂದವರು ಉಂಡು ಹೋಗಬೇಕೆಂದರೆ ವ್ಯಾಪಾರ ಅಷ್ಟರೊಳಗೆ ಮುಗಿಯಬೇಕು. ದಲ್ಲಾಳಿ ಚೀಲದಿಂದ ದಪ್ಪ ದಪ್ಪ ಕಾಗದ ತೆಗೆದು, ಎಂಜಿನ್ ಎಷ್ಟು ಹಳೆಯದು, ರೆಕ್ಕೆ ಎಷ್ಟು ಹಳೆಯದು ಎಂದು ಲೆಕ್ಕ ಹಚ್ಚತೊಡಗಿದ. ಮಾಲಕರು ಬಿಸಿಲು ನೋಡಿದರು, ಅಡುಗೆಮನೆ ನೋಡಿದರು, ಕಡೆಗೆ ಹೆಗಲ ಮೇಲಿನ ಟವೆಲ್ ತೆಗೆದು ಬಲಗೈ ಮೇಲೆ ಹಾಸಿಕೊಂಡರು.

ಮೂಡಲಗಿ ದನದ ಸಂತೆಯಲ್ಲಿ ಎಮ್ಮೆ ವ್ಯಾಪಾರ ಹೀಗೆಯೇ. ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ಒತ್ತುವುದು, ಒಲ್ಲೆನೆಂದರೆ ಕೊಡವುವುದು, ಅಷ್ಟೇ. ಸಾವಕಾರರ ಮುಖ ಅರಳಿತು. "ಅಜ್ಜ ಹೋದ ಮ್ಯಾಲೆ ಈ ಹಿಡಿ ಹಿಡದಿಲ್ಲ ನೋಡ್ರಿ" ಎನ್ನುತ್ತ ಅವರೂ ಕೈ ಒಳಗೆ ತೂರಿಸಿದರು.

ಟವೆಲ್ ಅಲ್ಲಾಡಿತು, ನಿಂತಿತು, ಮತ್ತೆ ಅಲ್ಲಾಡಿತು. ಒಮ್ಮೆ ಮಾಲಕರು ನಕ್ಕರು, ಒಮ್ಮೆ ಸಾವಕಾರರು "ಹೋಗ್ರೀ ನೀವ" ಎಂದು ಕೈ ಕೊಡವಿದರು. ಆಮೇಲೆ ಇಬ್ಬರೂ ಎದ್ದು ತಬ್ಬಿಕೊಂಡರು. ಒಳಗಿನಿಂದ ತಾಟು ಹಾಕುವ ಸದ್ದು ಬಂತು.

ದಲ್ಲಾಳಿ ಕ್ಯಾಲ್ಕುಲೇಟರ್ ಹಿಡಿದು ನಿಂತೇ ಇದ್ದ. "ಎಷ್ಟಕ್ಕೆ ಆಯ್ತು ಸಾರ್?" ಎಂದು ನನ್ನ ಕೇಳಿದ.

"ನನಗೂ ಗೊತ್ತಿಲ್ರಿ."

"ಮತ್ತೆ ನನ್ನ ಕಮಿಷನ್?"

ಮಾಲಕರು ಟವೆಲ್ಲನ್ನು ಮತ್ತೆ ಕೈಮೇಲೆ ಹಾಸಿ, "ಬರ್ರಿ, ನೀವೂ ಒಳಗ ಕೈ ಹಾಕ್ರಿ" ಎಂದರು. ಅವನು ಕೈ ಹಾಕಿದ. ಯಾವ ಬೆರಳು ಹಿಡಿದನೋ ದೇವರೇ ಬಲ್ಲ, ಊಟಕ್ಕೆ ಕೂತಾಗ ತನ್ನ ಬೆರಳುಗಳನ್ನೇ ಮತ್ತೆ ಮತ್ತೆ ಎಣಿಸಿಕೊಳ್ಳುತ್ತಿದ್ದ.

ಜೆಟ್ ನೋಡಲು ಹೋದದ್ದು

ಅದೇ ದಲ್ಲಾಳಿ ಬೆಳಗಾವಿಯ ವಿಮಾನ ನಿಲ್ದಾಣಕ್ಕೆ ಜೆಟ್ ಒಂದನ್ನು ತರಿಸಿದ. ಹೆಣ್ಣು ನೋಡಲು ಹೊರಟವರ ಹಾಗೆ ಎರಡು ಜೀಪು ತುಂಬ ಹೋದೆವು. ಅಕ್ಕನವರು ಇಳಕಲ್ ಸೀರೆ ಉಟ್ಟಿದ್ದರು. ಗೌಡರು ಕರೆಯದೆಯೇ ಹತ್ತಿ ಕೂತಿದ್ದರು, ಅವರಿಗೆ ಅವರದೇ ಚಿಂತೆ.

"ಇದರಿಂದ ತೂರಾಕ ಬರತೈತೇನ್ರಿ?" ಎಂದು ಇಳಿಯುತ್ತಲೇ ಕೇಳಿದರು.

"ಹಿಂದೆ ನಿಲ್ಲೋದಕ್ಕೇ ಆಗಲ್ಲ ಯಜಮಾನ್ರೆ, ಬೆಂಕಿಯಂಥ ಗಾಳಿ ಬರುತ್ತೆ" ಎಂದ ದಲ್ಲಾಳಿ.

"ಹಂಗಾರ ಇದು ತೂರೂದಿಲ್ಲ, ಹುರೀತೈತಿ" ಎಂದು ಗೌಡರು ಹೋಗಿ ಜೀಪಿನಲ್ಲಿ ಕೂತರು.

ಮಾಲಕರು ಅತ್ತ ನೋಡಲೂ ಇಲ್ಲ. ಅವರ ಕಣ್ಣೆಲ್ಲ ಅಕ್ಕನವರ ಮೇಲೆ. ಅಕ್ಕನವರು ಜೆಟ್ಟಿನ ಸುತ್ತ ಒಂದು ಸುತ್ತು ಹಾಕಿದರು. "ಫ್ಯಾನ್ ಎಲ್ಲಿ?"

"ಇಲ್ಲವೇ ಇಲ್ಲ ಮೇಡಂ!" ದಲ್ಲಾಳಿ ಹಿಗ್ಗಿದ.

ನಮ್ಮ ಕ್ಯಾಪ್ಟನ್ನರು ಸುಳ್ಳು ಹೇಳದ ಮನುಷ್ಯ. ಆ ಹೊತ್ತಿಗಾದರೂ ಸುಮ್ಮನಿರಬಹುದಿತ್ತು. "ಇದೆ, ಎಂಜಿನ್ ಒಳಗಡೆ ಇದೆ" ಎಂದುಬಿಟ್ಟರು. ಅಕ್ಕನವರು ಬಗ್ಗಿ ಎಂಜಿನ್ನಿನ ಬಾಯೊಳಗೆ ಇಣುಕಿದರು. ಒಳಗೆ ಒತ್ತೊತ್ತಾಗಿ ಫ್ಯಾನಿನ ಎಸಳುಗಳು.

"ಅಯ್ಯ! ಮುಚ್ಚಿಟ್ಟಾರ! ನಮ್ಮದು ಪಾಪ, ಹಲ್ಲ ತೋರಿಸಿಕೊಂಡ ತಿರಗತಿತ್ತು. ಇದು ಬಾಯಾಗ ಇಟ್ಕೊಂಡ ಸುಮ್ಮ ಕುಂತೈತಿ. ಇದನ್ನ ನಂಬೂದ ಹ್ಯಾಂಗ?"

ಮಾಲಕರ ದನಿ ಇಳಿಯಿತು. "ಹಂಗಾರ ನಮ್ಮದನ್ನ ಹತ್ತತೀಯೇನು?"

"ಮಾರೀರಲ್ಲ. ಮಂದೀದ ನಾ ಯಾಕ ಹತ್ತಲಿ?"

ಎರಡೂ ಜೀಪು ಗೋಕಾಕಕ್ಕೆ ಹೊರಳಿದವು. ಇದ್ದ ವಿಮಾನ ಮಾರಿಯಾಗಿತ್ತು, ಜೆಟ್ ಬೇಡವಾಗಿತ್ತು, ಪಂಚಮಿ ಮಾತ್ರ ಈ ವರ್ಷವೂ ಬರುವುದಿತ್ತು. ಮಾಲಕರ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಸೀಮೆ ದಾಟಿಸಿದ್ದು

ಪುಣೆಗೆ ಮುಟ್ಟಿಸಲು ನಮ್ಮ ಕ್ಯಾಪ್ಟನ್ನರನ್ನೇ ಗೊತ್ತುಮಾಡಿಕೊಂಡು ಸಾವಕಾರರು ವಿಮಾನ ಒಯ್ಯಲು ಬಂದ ದಿನ ಅಕ್ಕನವರು ಆರತಿ ತಾಟು ಹಿಡಿದು ಅಂಕಲಗಿಗೆ ಬಂದರು. ಅವರದೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಮನೆಯ ಎಮ್ಮೆ ಮಾರಿದರೆ ಅದಕ್ಕೆ ಕುಂಕುಮ ಹಚ್ಚಿ, ರೊಟ್ಟಿ ತಿನ್ನಿಸಿ, ಊರ ಸೀಮೆಯವರೆಗೆ ತಾವೇ ಜೊತೆಗೆ ನಡೆದು ಹೋಗಿ ಬಿಟ್ಟು ಬರುವರು. ಹಾಗೆ ಕಳಿಸದಿದ್ದರೆ ಎಮ್ಮೆ ಹೋದ ಮನೆಯಲ್ಲಿ ನೊಂದುಕೊಳ್ಳುತ್ತದೆ ಎಂದು ಅವರ ನಂಬಿಕೆ.

ವಿಮಾನದ ಮೂತಿಗೆ ಕುಂಕುಮ ಹಚ್ಚಿದರು. ನಿಂತಿದ್ದ ಫ್ಯಾನುಗಳ ಎಸಳಿಗೂ, ಅಷ್ಟು ವರ್ಷ ಹೆದರಿದ್ದನ್ನೆಲ್ಲ ಮರೆತು, ಹಚ್ಚಿದರು. ರೊಟ್ಟಿಯನ್ನು ಗಾಲಿಯ ಮುಂದಿಟ್ಟರು. ಆಮೇಲೆ ಗೌಡರ ಕಡೆ ತಿರುಗಿ, "ಇದರ ಸೀಮಿ ಎಲ್ಲೀತನಕ ಬರತೈತ್ರಿ?" ಎಂದು ಕೇಳಿದರು.

ಗೌಡರು ತಲೆ ಕೆರೆದುಕೊಂಡು ಆಕಾಶ ನೋಡಿದರು. "ಇದರ ದಾರಿ ನೆಲದ ಮ್ಯಾಲೆ ಎಲ್ಲೈತ್ರಿ ಅಕ್ಕಾರ? ಸೀಮಿನೂ ಮ್ಯಾಲೇ ಇರಬೇಕು."

ಅಕ್ಕನವರು ಒಂದು ಗಳಿಗೆ ಯೋಚಿಸಿದರು. ಚಪ್ಪಲಿ ಬಿಟ್ಟರು, ಸೆರಗು ಸೊಂಟಕ್ಕೆ ಸಿಗಿಸಿದರು, ಮೆಟ್ಟಿಲು ಹತ್ತಿ ಒಳಗೆ ಕೂತೇಬಿಟ್ಟರು! ಮಾಲಕರು ಬಾಯಿ ತೆರೆದು ನಿಂತಿದ್ದವರು ಎಚ್ಚರವಾಗಿ ಹಿಂದೆಯೇ ಓಡಿ ಹತ್ತಿದರು. ಸಾವಕಾರರು ನಗುತ್ತ, "ಕೊಲ್ಹಾಪುರಕ ಇಳಸತೇನಿ, ಹೊಳ್ಳಿ ಕರಕೊಂಡ ಬರ್ರಿ" ಎಂದು ನನಗೆ ಕೂಗಿದರು. ಹೊಟ್ಟು ಹಾರಿತು, ವಿಮಾನವೂ ಹಾರಿತು. ನಾನು ಅಕ್ಕನವರ ಚಪ್ಪಲಿ ಎತ್ತಿಕೊಂಡು ಜೀಪು ಹತ್ತಿದೆ.

ಕೊಲ್ಹಾಪುರದಲ್ಲಿ ನೋಡಿದರೆ ಗಂಡ ಹೆಂಡತಿ ಬೆಂಚಿನ ಮೇಲೆ ಕೂತು ಬಶಿಯಲ್ಲಿ ಚಹಾ ಕುಡಿಯುತ್ತಿದ್ದರು. ಅಕ್ಕನವರದು ಒಂದೇ ದೂರು: "ಹುಕ್ಕೇರಿ ಮ್ಯಾಲೆ ಹಾದ ಬಂದ್ವಿ. ಕ್ಯಾಪ್ಟನ್ನರು ನನಗಂತನ ಭಾಳ ಕೆಳಗ ಹಾರಿಸಿದ್ರು. ಅಣ್ಣನ ಮನ್ಯಾಗ ವೈನಿ ಮಾಳಗಿ ಮ್ಯಾಲೆ ಹಪ್ಪಳ ಒಣಗಸಾಕತ್ತಿದ್ಲು. ಕೈ ಮಾಡಿದ್ರ ತಲಿ ಎತ್ತಿ ನೋಡಲಿಲ್ಲ."

ಬರುವಾಗ ಹುಕ್ಕೇರಿಯಲ್ಲಿ ಜೀಪು ನಿಲ್ಲಿಸಿದೆವು. ಮಾಲಕರು ಎದೆಯುಬ್ಬಿಸಿ ಸುದ್ದಿ ಹೇಳಿದರೆ ಬೀಗರು ಹೋ ಎಂದು ನಕ್ಕರು, ಒಬ್ಬರೂ ನಂಬಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅಕ್ಕನವರ ವೈನಿ ಸೌಟು ಹಿಡಿದು ಬಂದರು.

"ಹಂಗಾರ ನನ್ನ ಹಪ್ಪಳ ಹಾರಿಸಿದವ್ರು ನೀವ ಏನು?"

ಬೀಗರ ನಗು ಅಲ್ಲಿಗೇ ನಿಂತಿತು. ನಮ್ಮ ಮಾಲಕರು ಅಂದು ಉಂಡಷ್ಟು ಸುಖವಾಗಿ ಬೀಗರ ಮನೆಯಲ್ಲಿ ಎಂದೂ ಉಂಡಿರಲಿಲ್ಲ.

ಗೋಕಾಕ ಬರುವ ಹೊತ್ತಿಗೆ ಅಕ್ಕನವರು ನಿದ್ದೆ ಹೋಗಿದ್ದರು. ಮಾಲಕರು ಮೆಲ್ಲಗೆ ನನ್ನ ಕಿವಿಯ ಹತ್ತಿರ ಬಗ್ಗಿ, "ನಾಳಿ ಆ ದಲ್ಲಾಳಿಗೆ ಫೋನ್ ಹಚ್ಚು. ಜೆಟ್ ತಗೊಳ್ಳೂನು" ಎಂದರು.

"ಅಕ್ಕಾರು ಅದನ್ನ ನಂಬೂದಿಲ್ಲ ಅಂದಾರಲ್ರಿ? ಹತ್ತೂದಿಲ್ಲ ಅವರು."

"ಹತ್ತೂದಿಲ್ಲ, ನನಗೂ ಗೊತ್ತೈತಿ. ಮಾರಿದ್ದನ್ನ ಆಕಿ ಸೀಮೀತನಕ ಬಿಡಾಕ ಹೋಗತಾಳ. ಅದಕ್ಕ ತಗೊಂಡ ಕೂಡ್ಲೆ ಮಾರಿಬಿಡೂನು!"