ಸೀರೆ ಅಂಗಡಿಗೆ ವೆಲ್ಡರ್ ಬೇಕಂತೆ

ಕೊಂಡಾಪುರದ ವೀಸಾ ಏಜೆನ್ಸಿಯಲ್ಲಿ ಕೆಲಸಕ್ಕೆ ಕೂತ ನನ್ನಂಥವನು ಸಿಟ್ಟಿಗೆ ಕಾರಣ ಹುಡುಕಿಕೊಂಡು ಹೋಗಬೇಕಿಲ್ಲ. ಅದು ತಾನಾಗಿಯೇ ಲಿಫ್ಟ್ ಹತ್ತಿ ಬಂದು ಎದುರಿನ ಕುರ್ಚಿಯಲ್ಲಿ ಕೂಡುತ್ತದೆ.

೧. ಕಂಬಿಯ ಕೆಲಸ

ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯ ವೆಲ್ಡರ್ ಒಬ್ಬ, ನಮ್ಮ ಬೀದರ್ ಕಡೆಯವನು, ಪರದೇಶದಲ್ಲಿ ಕೆಲಸ ಸಿಕ್ಕಿದೆ ಎಂದು ಬಂದ. ಕೈಯಲ್ಲಿದ್ದ ಪರ್ಮನೆಂಟ್ ನೌಕರಿ ಬಿಡಲು ತಯಾರಾಗಿದ್ದ. ಅಲ್ಲಿನ ಕಾನೂನು ಸರಳ: ಕರೆಸಿಕೊಳ್ಳುವ ಧಣಿಯ ವ್ಯಾಪಾರ ನಿಜವಾಗಿ ನಡೆಯುತ್ತಿರಬೇಕು, ಬರುವವನಿಗೆ ಅವನ ಕಸಬಿನ ಕೆಲಸವೇ ಇರಬೇಕು. ಇಲ್ಲದಿದ್ದರೆ ಅಲ್ಲಿ ವೀಸಾ ಇಲ್ಲ, ಇಲ್ಲಿ ನೌಕರಿಯೂ ಇಲ್ಲ. ಧಣಿಗೆ ಫೋನ್ ಹಚ್ಚಿದೆ. ಅವನೂ ನಮ್ಮ ಕಡೆಯವನೇ.

"ನಿಮ್ಮದು ಏನ್ ವ್ಯಾಪಾರ ರೀ?"

"ಸೀರಿ ಅಂಗಡಿ."

"ಅದಕ್ಕ ವೆಲ್ಡರ್ ಯಾಕ್ರಿ?"

"ಸೀರಿ ನೇತುಹಾಕಾಕ ಕಂಬಿ ಬೇಕಲ್ರಿ."

"ಅದು ಒಂದ್ ದಿನದ ಕೆಲಸ!"

"ವಾರಕ್ಕೊಂದ್ ಕಂಬಿ ಹಾಕಿದ್ರಾತು. ಏನ್ ಅವಸರ ಐತ್ರಿ?"

೨. ಗಿರಾಕಿ

ಸಿಟ್ಟು ನುಂಗಿಕೊಂಡೆ. ವಿಡಿಯೋ ಕಾಲ್‌ನಲ್ಲಿ ಅಂಗಡಿ ತೋರಿಸಿ ಎಂದೆ. ಒಂದು ದಿನ ರಜೆ ಅಂದ, ಮರುದಿನ ಮಾಲು ಬಂದಿಲ್ಲ ಅಂದ. ಕೊನೆಗೂ ತೋರಿಸಿದ. ಗೋಡೆ ತುಂಬ ಸೀರೆ, ಕೆಳಗೂ ಸೀರೆ. ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ಒಂದು ಸೀರೆಯನ್ನು ಸರ್ರನೆ ಎಳೆದುಕೊಂಡಳು.

"ನನ್ನ ಮದುವಿ ಸೀರಿ ನೆಲಕ್ಕ ಹಾಸೀರಲ್ರೀ, ನಿಮಗ ಬುದ್ಧಿ ಐತೇನು?"

ಅದು ಅಂಗಡಿಯಲ್ಲ, ಅವನ ಮಲಗುವ ಕೋಣೆ! ನನ್ನ ಮೈಯೆಲ್ಲ ಉರಿದುಹೋಯಿತು. ಒಬ್ಬ ದುಡಿಯುವವನ ಬಾಳನ್ನು ಇವರು ಆಟಿಕೆ ಮಾಡಿಕೊಂಡಿದ್ದಾರೆ. ಓಡಿಹೋಗಿ ನಮ್ಮ ಬಾಸ್‌ಗೆ ಹೇಳಿದೆ. ಅವರು ಚಹಾ ಗುಟುಕರಿಸುತ್ತಾ ಅಂದರು:

"ಒಬ್ಬ ಗಿರಾಕಿ ಬಂದ್ಲಲ್ಲೋ ಮಾರಾಯ. ವ್ಯಾಪಾರ ನಡದೈತಿ ಅಂದ್ಹಂಗಾತು."

೩. ಎರಡೂ ಕಡೆಯ ಸಂದರ್ಶನ

ವೆಲ್ಡರ್‌ನನ್ನು ಕರೆಸಿದೆ. ಅವನು ಮರುದಿನವೇ ರಾಜೀನಾಮೆ ಕೊಡುವವನಿದ್ದ. ಹೆಂಡತಿ ಆಗಲೇ ಸುಲ್ತಾನ್ ಬಜಾರಿನಿಂದ ಅವನಿಗೆ ಸ್ವೆಟರ್ ತಂದಿಟ್ಟಿದ್ದಳು. ಅವನ ಮುಂದೆಯೇ ಧಣಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಬಾಯಿಗೆ ಬಂದಂತೆ ಬೈದೆ. ಬಾಸ್ ಕಣ್ಣು ಬಿಟ್ಟರೂ ನಿಲ್ಲಿಸಲಿಲ್ಲ.

ಧಣಿ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಮೆತ್ತಗೆ ವೆಲ್ಡರ್‌ನನ್ನು ಕೇಳಿದ:

"ಅಣ್ಣಾರ, ಆ ಕಾರ್ಖಾನಿ ಕೆಲಸ ಪರ್ಮನೆಂಟ್ ಏನ್ರಿ?"

"ಹೂನ್ರಿ."

"ಕ್ಯಾಂಟೀನ್?"

"ಐತ್ರಿ. ಬಸ್ಸೂ ಐತಿ."

"ಹಂಗಾರ ನೀವು ಬರಬ್ಯಾಡ್ರಿ. ನನ್ನ ವೀಸಾನೇ ಮುಗಿಯಾಕ ಬಂದೈತಿ. ಅಲ್ಲೇ ನನಗೊಂದು ಕೆಲಸ ಕೊಡಸ್ರಿ."

ಬಾಸ್ ಹೊಸ ಕೇಸ್ ಬಂತೆಂದು ಪೆನ್ನು ಹುಡುಕತೊಡಗಿದರು. ವೆಲ್ಡರ್ ಎದ್ದು ನಿಂತ. ಮುಖ ಕೆಂಪಾಗಿತ್ತು. ಫೋನಿಗೆ ಬಾಯಿ ಹಚ್ಚಿ ಗುಡುಗಿದ:

"ವೆಲ್ಡಿಂಗ್ ಬರ್ತೈತೇನ್ರಿ ನಿಮಗ? ನಮ್ಮಲ್ಲಿ ಕೆಲಸ ಐತಿ ಅಂದ್ರ ಖರೇನ ಕೆಲಸ ಇರ್ತೈತಿ!"