ಆರಡಿ ಅಡುಗೆಮನೆ

ಅಡುಗೆಮನೆಯ ನಕ್ಷೆಗೆ ಇಂಜಿನಿಯರ್ ಯಾಕೆ? ನಾನೇ ಬರೆಯುತ್ತೇನೆ!

ಹೀಗೆಂದು ನಾನು ಘೋಷಿಸಿದ್ದು ಮನೆಮಂದಿಯೆಲ್ಲ ಊಟಕ್ಕೆ ಕೂತಾಗ. ಬಾದಾಮಿಯ ಬಂಡೆಗೆ ಮೊದಲ ಉಳಿ ಇಡುವ ಮುನ್ನ ಚಾಲುಕ್ಯರು ಕೂಡ ಇಷ್ಟು ಗಂಭೀರವಾಗಿ ಮಾತಾಡಿರಲಿಕ್ಕಿಲ್ಲ. ಹುನಗುಂದದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು ನಾನು. ಬೆಳಕು ಎಲ್ಲೆಲ್ಲಿ ಬಾಗುತ್ತದೆಂದು ಬಲ್ಲವಳಿಗೆ ನಾಲ್ಕು ನೆಟ್ಟನೆಯ ಗೋಡೆ ಯಾವ ಲೆಕ್ಕ? ರಜೆ ಇತ್ತು. ಕಟ್ಟಡದ ನಕ್ಷೆ ಬರೆಯುವ ಕ್ಯಾಡ್ ಎಂಬ ತಂತ್ರಾಂಶವನ್ನು ಲ್ಯಾಬಿನವರು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಟ್ಟಿದ್ದರು.

ಅಗತ್ಯವೂ ಇತ್ತು. ನಮ್ಮತ್ತೆ ಶೇಖವ್ವನ ಜೋಳದ ರೊಟ್ಟಿಗೆ ಇಳಕಲ್ಲಿನ ನಮ್ಮ ಓಣಿಯಲ್ಲಿ ಸಾಟಿಯಿಲ್ಲ. ಬೆಳದಿಂಗಳನ್ನು ತಟ್ಟಿ ಹಂಚಿನ ಮೇಲೆ ಹಾಕಿದಷ್ಟು ತೆಳು. ಆದರೆ ಅವರ ಮೊಣಕಾಲು ಮುಷ್ಕರ ಹೂಡಿದ್ದವು. ಇನ್ನು ನೆಲದ ಮೇಲೆ ಕೂತು ರೊಟ್ಟಿ ಬಡಿಯುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ನಿಂತು ಮಾಡುವ ಅಡುಗೆಮನೆ ಆಗದಿದ್ದರೆ ಆ ಕೈಗಳು ಸುಮ್ಮನಾಗಬೇಕಿತ್ತು. ಅವು ಸುಮ್ಮನಿದ್ದದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಕಲಿಕೆ ಶುರುವಾಯಿತು. ಒಂದು ಗೆರೆ ಕತ್ತರಿಸಹೋಗಿ ಇಡೀ ಗೋಡೆ ಮಾಯ ಮಾಡಿದೆ. ಸಿಂಕು ಇಟ್ಟೆ, ಕಾಣಲಿಲ್ಲ. ಒಲೆ ಇಟ್ಟೆ, ಅದೂ ಕಾಣಲಿಲ್ಲ. ಪರದೆಯನ್ನು ಕುಗ್ಗಿಸುತ್ತ ಕುಗ್ಗಿಸುತ್ತ ಹುಡುಕಿದರೆ ಅಡುಗೆಮನೆ ಇಳಕಲ್ಲಿನಲ್ಲಿ, ಒಲೆ ಪಟ್ಟದಕಲ್ಲಿನಲ್ಲಿ, ಸಿಂಕು ತುಳಸಿಗೇರಿಯ ಹತ್ತಿರ!

ಸೀರೆ ಅಂಗಡಿ ಮುಚ್ಚಿ ಬಂದ ನನ್ನ ಗಂಡ ಸೋಮಲಿಂಗ ಹಿಂದೆ ನಿಂತು ಇಣುಕಿದರು.

"ಗ್ವಾಡಿ ಎಲ್ಲಿ ಹೋತು?"

"ಬ್ಯಾರೆ ಪದರದಾಗ ಐತ್ರಿ, ಅದನ್ನ ಮುಚ್ಚಿಟ್ಟೇನಿ."

"ಬಾಗಲಾ?"

"ಅದನ್ನೂ ಅಲ್ಲೇ ಇಟ್ಟೇನಿ."

"ಹಂಗಾರ ನಾವು ಒಳಗ ಹೋಗೂದು ಯಾವ ಪದರದಾಗಿಂದ?"

ನಾನು ಪರದೆಯತ್ತ ತಿರುಗಿದೆ. ದೊಡ್ಡ ಕೆಲಸ ಮಾಡುವವರು ಸಣ್ಣ ಮಾತಿಗೆ ಕಿವಿ ಕೊಡಬಾರದು.

ಆದರೆ ಕಲಿತೆ! ಚೆದುರಿದ ಒಲೆ ಸಿಂಕುಗಳು ಒಂದೊಂದಾಗಿ ಊರಿಗೆ ಮರಳಿದವು. ಗೆರೆಗಳು ಎದ್ದು ಗೋಡೆಗಳಾದವು. ಕಿಟಕಿಯಿಂದ ಬಿಸಿಲು ಬಿತ್ತು. ನಾನೇ ಹಾಕಿದ ಬಿಸಿಲು! ಕೊನೆಗೆ ಎತ್ತರದ ಅಂದಾಜಿಗೆಂದು ತಂತ್ರಾಂಶದಲ್ಲೇ ಸಿಗುವ ಒಂದು ಆರಡಿ ಮನುಷ್ಯಾಕೃತಿಯನ್ನು ತಂದು ಒಲೆಯ ಮುಂದೆ ನಿಲ್ಲಿಸಿದೆ. ಅವನ ಮೊಣಕೈಗೆ ಹೊಂದುವಂತೆ ಕಟ್ಟೆ, ಕಣ್ಣಿಗೆ ಹೊಂದುವಂತೆ ಕಪಾಟು. ಅತ್ತೆಯನ್ನು ಕರೆದು ತೋರಿಸಿದೆ.

"ಇವ ಯಾರು? ನಮ್ಮ ಅಡಗಿಮನ್ಯಾಗ ಇವಂದೇನ ಕೆಲಸ?"

"ಅತ್ತ್ಯಾರ, ಅದು ನೀವ ರೀ."

ಅತ್ತೆ ಕನ್ನಡಕ ಏರಿಸಿದರು. "ನನಗ ಪ್ಯಾಂಟ್ ಯಾಕ ಹಾಕೀದಿ?"

"ಇದರಾಗ ಇವ ಒಬ್ಬನ ಸಿಕ್ಕಾನ್ರಿ. ಸೀರಿ ಉಟ್ಟಾಕಿ ಇಲ್ಲ."

"ಇಳಕಲ್ಲದಾಗ ಕುಂತು ಸೀರಿ ಸಿಗಲಿಲ್ಲ ಅಂತೀಯಲ್ಲ!"

"ಸುಮ್ನ ಒಂದು ಗುರ್ತು ರೀ. ನೀವ ಅಂತ ತಿಳ್ಕೋರಿ."

ಅತ್ತೆ ಮತ್ತೊಮ್ಮೆ ನೋಡಿದರು. ಮುಖದಲ್ಲಿ ಸಣ್ಣ ನಗೆ ಮೂಡಿತು. "ಇರಲಿ ಬಿಡು. ಭಾರಿ ಎತ್ತರ ಕಾಣತೇನಿ."

ಕೆಲಸದ ಧೂಳು ಆಗಿಬರದೆಂದು ಅತ್ತೆಯನ್ನು ಬಾದಾಮಿಗೆ, ಮಗಳ ಮನೆಗೆ ಕಳಿಸಿದೆವು. ಕೆಲಸ ಹಿಡಿದ ಗೌಂಡಿ ನಜೀರಸಾಬರು ನನ್ನ ನಕ್ಷೆಯನ್ನು ಎರಡೂ ಕೈಯಲ್ಲಿ ಹಿಡಿದು, "ಕಂಪ್ಯೂಟರ್ ನಕ್ಷಾ ಅಂದ್ರ ಮುಗೀತ್ರಿ ಬಾಯಾರ. ಕೂದಲೆಳಿಯಷ್ಟೂ ಫರಕ ಮಾಡಂಗಿಲ್ಲ" ಎಂದರು. ದುರದೃಷ್ಟವಶಾತ್ ಮಾತು ಉಳಿಸಿಕೊಂಡರು. ಇಳಕಲ್ಲಿನ ಕೆಂಪು ಗ್ರಾನೈಟಿನ ಕಟ್ಟೆ ಎದ್ದು ನಿಂತಿತು. ನನಗೇ ಯಾಕೋ ಎತ್ತರ ಅನ್ನಿಸಿತು. ಆದರೆ ಪರದೆಯ ಮೇಲೆ ಸರಿಯಿತ್ತಲ್ಲ! ನನ್ನ ಕಣ್ಣೇ ತಪ್ಪಿರಬೇಕೆಂದು ಸುಮ್ಮನಾದೆ.

ರವಿವಾರ ಬೆಳಿಗ್ಗೆ ಅತ್ತೆ ಬಂದರು. ಮಧ್ಯಾಹ್ನ ಹೊಸ ಅಡುಗೆಮನೆಯ ಊಟಕ್ಕೆ ಬಾದಾಮಿಯಿಂದ ಅತ್ತೆಯ ಅಳಿಯ ಮುತ್ತುರಾಜ ಮತ್ತು ಅವನ ತಾಯಿ ಬರುವವರಿದ್ದರು.

"ಯವ್ವಾ! ಹೆಂಗ ಥಳಥಳ ಅಂತೈತಿ!" ಎನ್ನುತ್ತ ಅತ್ತೆ ಒಳಹೊಕ್ಕು, ರೊಟ್ಟಿ ಬಡಿಯಲು ಕಟ್ಟೆಯ ಮುಂದೆ ನಿಂತರು. ಕಟ್ಟೆ ಅವರ ಎದೆಗೆ ಬಂತು. ಹಿಟ್ಟಿನ ಡಬ್ಬಿಯ ಕಡೆ ಕತ್ತೆತ್ತಿದರು. ಅದು ಆಕಾಶದಲ್ಲಿತ್ತು.

"ಸುಮಾ, ಇದು ಕಟ್ಟಿನೋ, ಮಾಳಗಿನೋ?"

ಮಣೆ ತಂದಿಟ್ಟೆ. ಹತ್ತಿ ಒಂದು ಏಟು ಬಡಿದರು, ಮಣೆ ಅಲುಗಿತು. ಇನ್ನೊಂದು ಏಟಿಗೆ ಅತ್ತೆಯೇ ಅಲುಗಿದರು. ಓಡಿ ಹಿಡಿದುಕೊಂಡೆ. ನನ್ನ ಬೆರಳುಗಳು ಗಾಳಿಯಲ್ಲಿ ಕಂಟ್ರೋಲ್-ಝಡ್ ಹುಡುಕುತ್ತಿದ್ದವು. ಪರದೆಯ ಮೇಲಿನ ತಪ್ಪನ್ನೆಲ್ಲ ಅದು ಕ್ಷಣದಲ್ಲಿ ಹಿಂದಕ್ಕೆ ಒಯ್ಯುತ್ತದೆ. ಗ್ರಾನೈಟಿಗೆ ಅದು ಕೇಳಿಸುವುದಿಲ್ಲ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನನ್ನ ಸೊಸಿ ನನ್ನ ಸಲುವಾಗಿ ಕಟ್ಟಿಸ್ಯಾಳ ಅಂತ ಬಾದಾಮಿ ತುಂಬ ಹೇಳಿ ಬಂದೇನವ್ವಾ" ಎಂದು ಮೆಲ್ಲಗೆ ಅಂದು, ಹಿಟ್ಟಿನ ಪರಾತ ಇಳಿಸಿಕೊಂಡು ಗೋಡೆ ಹಿಡಿದು ನೆಲಕ್ಕೆ ಕೂರಲು ಬಗ್ಗಿದರು. ಮೊಣಕಾಲು ಲಟಕ್ಕೆಂದವು.

"ಬ್ಯಾಡ್ರಿ ಅತ್ತ್ಯಾರ!"

ಆಗ ನೀರು ಕುಡಿಯಲು ಗಂಡ ಒಳಗೆ ಬಂದರು. ಸಲೀಸಾಗಿ ಕೈ ಎತ್ತಿ ಮೇಲಿನ ಕಪಾಟಿನಿಂದ ಗ್ಲಾಸು ತೆಗೆದರು. ಕಟ್ಟೆಯ ಮೇಲೆ ಮೊಣಕೈ ಊರಿ ಹಾಯಾಗಿ ನೀರು ಕುಡಿದರು.

"ಭಾರಿ ಆಗೈತಿ! ನನಗ ಹೇಳಿ ಮಾಡಿಸಿದಂಗ ಐತಿ!"

ಅತ್ತೆ ಬಗ್ಗಿದವರು ನೆಟ್ಟಗಾದರು. ಇಬ್ಬರೂ ಅವರನ್ನೇ ನೋಡಿದೆವು.

"ಯಾಕ ಹಿಂಗ ನೋಡಾಕತ್ತೀರಿ?"

"ಕೈ ತೊಳಕೋ" ಎಂದರು ಅತ್ತೆ.

ಅತ್ತೆ ಕುರ್ಚಿ ಹಾಕಿಸಿಕೊಂಡು ಸಿಂಹಾಸನವೇರಿದಂತೆ ಕೂತರು. "ಕಲಸಿದ್ರ ಸಾಲಂಗಿಲ್ಲೋ, ನಾದು! ಗಿರಾಕಿ ಮುಂದ ಸೀರಿ ಸವರತೀಯಲ್ಲ, ಹಂಗ ಹಗೂರಕ ಬಡಿ!" ಮೊದಲ ರೊಟ್ಟಿ ಹರಿದು ಓಣಿಯ ನಾಯಿಯ ಪಾಲಾಯಿತು. ಎರಡನೆಯದನ್ನು ನಾಯಿಯೂ ಮೂಸಿ ಬಿಟ್ಟಿತು. ಬೆವರು, ಹಿಟ್ಟು, ಮೀಸೆ ಎಲ್ಲ ಒಂದಾದವು. ಆದರೆ ಆಮೇಲೆ, ಯಾವುದೋ ಒಂದು ಗಳಿಗೆಯಲ್ಲಿ, ಆ ಸದ್ದು ಬಂತು. ಟಪ್ ಟಪ್ ಟಪ್. ಅತ್ತೆ ಕಣ್ಣು ಮುಚ್ಚಿ ಕೇಳಿಸಿಕೊಂಡರು. ರೊಟ್ಟಿ ಹಂಚಿನ ಮೇಲೆ ಉಬ್ಬಿತು. ಅದಕ್ಕಿಂತ ಹೆಚ್ಚು ನನ್ನ ಗಂಡ ಉಬ್ಬಿದರು.

ಬೀಗರು ಬಂದದ್ದು ಆಗಲೇ. ಬೀಗತಿ ನೇರ ಅಡುಗೆಮನೆಯ ಬಾಗಿಲಿಗೇ ಬಂದು ನಿಂತರು. ಒಲೆಯ ಮುಂದೆ ಗಂಡಸು, ಕುರ್ಚಿಯ ಮೇಲೆ ಅತ್ತೆ, ಮೂಲೆಯಲ್ಲಿ ನಾನು. ಎಲ್ಲವನ್ನೂ ಕಣ್ಣಲ್ಲೇ ಅಳೆದರು. ಊಟಕ್ಕೆ ಕೂತರು. ಒಂದು ರೊಟ್ಟಿ ತಿಂದರು. ಎರಡನೆಯದು ಮುರಿಯುತ್ತ ಕೇಳಿದರು.

"ಅಡಗಿಮನಿ ಗಂಡಸರ ಅಳತಿಗೆ ಮಾಡಿಸೀರೇನವ್ವಾ?"

ತಪ್ಪೊಪ್ಪಿಕೊಳ್ಳಲು ನಾನು ಬಾಯಿ ತೆರೆದೆ. ಅತ್ತೆ ಮೊದಲೇ ಶುರು ಮಾಡಿದರು.

"ಮತ್ತ! ನನ್ನ ಸೊಸಿ ಭಾಳ ಶ್ಯಾಣ್ಯಾಕಿ. ಅತ್ತಿಗೆ ಮೊಣಕಾಲ ಬ್ಯಾನಿ, ಮಗನ ಕಾಲು ಗಟ್ಟಿ ಅದಾವು ಅಂತ ಲೆಕ್ಕಾ ಹಾಕಿನ ಬರದಾಳ."

ನನ್ನ ತಲೆ ಮೆಲ್ಲಗೆ ಮೇಲೆದ್ದಿತು. ಹೌದಲ್ಲ ಅನ್ನಿಸತೊಡಗಿತು!

ಬೀಗತಿ ತಮ್ಮ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮುತ್ತುರಾಜನ ಕೈಯ ತುತ್ತು ಅರ್ಧಕ್ಕೇ ನಿಂತಿತು.

"ನಮ್ಮಂವ ಜರಾ ಕುಳ್ಳ ಅದಾನ. ಇವನ ಅಳತಿ ತಗೊಂಡು ನಮಗೂ ಒಂದು ನಕ್ಷಾ ಬರದ ಕೊಡವ್ವಾ."

ನನ್ನ ಮೊದಲ ಗಿರಾಕಿ! "ಈಗ ತಗೋತೇನ್ರಿ, ಟೇಪು ತಂದೆ" ಎಂದು ಸೆರಗು ಬಿಗಿದು ಅಡುಗೆಮನೆಗೆ ನಡೆದೆ. ನಜೀರಸಾಬರು ಮರೆತುಹೋದ ಟೇಪು ಮೇಲಿನ ಕಪಾಟಿನಲ್ಲಿತ್ತು. ಕೈ ಚಾಚಿದೆ. ತುದಿಗಾಲಲ್ಲಿ ನಿಂತೆ. ಒಮ್ಮೆ ಹಾರಿಯೂ ನೋಡಿದೆ.

"ರೀ..." ಎಂದು ಮೆಲ್ಲಗೆ ಕರೆದೆ. "ಒಂಚೂರು ಇಲ್ಲಿ ಬರ್ರಿ."