ಅರ್ಧ ಎಕರೆ ಸೇವಂತಿಗೆ

೨೦೨೦ರ ಜೂನ್ ತಿಂಗಳ ಒಂದು ಗುರುವಾರ ಘಟನೆಗಳು ನಡೆದದ್ದು ಈ ಕ್ರಮದಲ್ಲಿ: ಏಳೂಕಾಲಕ್ಕೆ ಫೋನು, ಏಳೂವರೆಗೆ ಸಲಹೆ, ಒಂಬತ್ತೂವರೆಗೆ ಹೂವು, ಹನ್ನೆರಡಕ್ಕೆ ತಪಾಸಣೆ.

ಫೋನು ಬಂದದ್ದು ಗುಬ್ಬಿ ಸಮೀಪದ ಹಳ್ಳಿಯ ಮೂಡಲಗಿರಿಯಪ್ಪನಿಗೆ. ಲಾಕ್‌ಡೌನಿನಲ್ಲಿ ಹೂವು ಮಾರಲಾಗದ ರೈತರಿಗೆ ಸರ್ಕಾರ ಪರಿಹಾರ ಕೊಡುತ್ತಿದೆ, ಹೊಲ ನೋಡಲು ಅಧಿಕಾರಿ ಬರುತ್ತಾರೆ ಎಂಬುದು ಅದರ ಸಾರಾಂಶ. ಅವನ ಅರ್ಧ ಎಕರೆಗೆ ಸಿಗುವುದು ಐದು ಸಾವಿರ. ಸುಟ್ಟುಹೋದ ಕೊಳವೆಬಾವಿ ಮೋಟರಿನ ರಿಪೇರಿಗೆ ಬೇಕಾದದ್ದೂ ಐದು ಸಾವಿರ. ಮೋಟರ್ ತಿರುಗದಿದ್ದರೆ ಮುಂದಿನ ಬೆಳೆಯಿಲ್ಲ.

ತೊಡಕು ಒಂದೇ. ಕೊಳ್ಳುವವರಿಲ್ಲದೆ ಗಿಡದಲ್ಲೇ ಕೊಳೆತ ಸೇವಂತಿಗೆಯನ್ನು ಅವನು ಮೇ ತಿಂಗಳಲ್ಲಿ ಟ್ರ್ಯಾಕ್ಟರ್ ಹೊಡೆಸಿ ಮಣ್ಣಿಗೆ ಸೇರಿಸಿದ್ದ. ಹೊಲ ಈಗ ಮುಡಿ ಕೊಟ್ಟು ಬಂದ ತಲೆಯಂತೆ ನುಣ್ಣಗಿತ್ತು.

ಪಕ್ಕದ ಮನೆಯ ಅನಂತರಾಜು ತುಮಕೂರು ಬಳಿಯ ಸತ್ಯಮಂಗಲದ ಕಾರ್ಖಾನೆಯೊಂದರ ನೌಕರ. ಕಾರ್ಖಾನೆ ಮುಚ್ಚಿದ ಮೇಲೆ ಅವನು ಇಡೀ ಊರಿಗೆ ಸಂಬಳವಿಲ್ಲದ ಸಲಹೆಗಾರನಾಗಿದ್ದ.

"ಏನ್ಲಾ ಗಿರಿಯಪ್ಪ, ಹೂವಿನ್ ಪರಿಹಾರಕ್ಕೆ ಬರೀ ಮಣ್ ತೋರುಸ್ತೀಯಾ?"

"ಇದ್ದುದ್ ಇದ್ದಂಗೆ ಹೇಳ್ಬುಡ್ತೀನಿ ಕಣೋ. ಉತ್ತಾಕ್ದೆ ಅಂತ."

"ನೀನ್ ಹೇಳಿದ್ನೆಲ್ಲ ಬರ್ಕೊಳಕ್ಕೆ ಅವ್ರೇನ್ ನಿನ್ ಬೀಗರಾ? ಆಫೀಸರ್‌ಗೆ ಪ್ರೂಫ್ ಬೇಕು, ಪ್ರೂಫು!"

ಪ್ರೂಫು ತುಮಕೂರಿನ ಮಾರುಕಟ್ಟೆಯಲ್ಲಿತ್ತು. ಇಬ್ಬರೂ ಬೈಕಿನಲ್ಲಿ ಹೋದರು. ಏಪ್ರಿಲಿನಲ್ಲಿ ಕಿಲೋಗೆ ಐದು ರೂಪಾಯಿಗೂ ಯಾರೂ ಮುಟ್ಟದ ಹೂವನ್ನು ಮೂಡಲಗಿರಿಯಪ್ಪ ಈಗ ಎಂಬತ್ತರಂತೆ ಹತ್ತು ಕಿಲೋ ಕೊಂಡು ತಂದ.

ಬೇಲಿಯ ಲಂಟಾನ ಕೊಂಬೆಗಳನ್ನು ಕಡಿದು, ರಸ್ತೆಗೆ ಕಾಣುವಂತೆ ಆರು ಸಾಲು ನೆಟ್ಟರು. ಎದುರು ಮನೆಯ ಪುಟ್ಟತಾಯಮ್ಮನನ್ನು ಬಾಳೆನಾರಿನ ಸಮೇತ ಕರೆಸಿದರು. ಹೂ ಕಟ್ಟುವುದರಲ್ಲಿ ಆಕೆಗೆ ನಲವತ್ತು ವರ್ಷದ ಅನುಭವ; ಗಿಡಕ್ಕೆ ಕಟ್ಟುವುದು ಮಾತ್ರ ಮೊದಲ ಸಲ. ಅಭ್ಯಾಸಬಲದಿಂದ ಒಂದು ಗಿಡ ಮುಗಿದ ಮೇಲೂ ನಾರು ತುಂಡರಿಸದೆ ಮುಂದಿನ ಗಿಡಕ್ಕೆ ಹೋದಳು.

"ಅಕ್ಕೋ, ಅದು ಗಿಡ ಕಣಕ್ಕಾ, ಮದ್ವೆ ಹಾರ ಅಲ್ಲ!" ಎಂದ ಅನಂತರಾಜು.

"ಸುಮ್ನಿರ್ಲಾ, ನಂಗೇ ಹೇಳ್ಕೊಡಕ್ ಬಂದವ್ನೆ! ಗಿರಿಯಪ್ಪ, ಮಾರಿಗ್ ಎಷ್ಟ್ ಕೊಡ್ತೀಯ, ಅದ್ ಮೊದ್ಲು ಹೇಳು."

ಹನ್ನೆರಡಕ್ಕೆ ಸರಿಯಾಗಿ ಅಧಿಕಾರಿಣಿ ಅನುಪಮಾ ಬದುವಿನ ಮೇಲೆ ನಿಂತರು. ಮಾಸ್ಕಿನ ಮೇಲಿನ ಕಣ್ಣುಗಳು ಆರೂ ಸಾಲುಗಳನ್ನು ಎರಡು ಬಾರಿ ನೋಡಿದವು.

"ಇದೇನಾ ನಿಮ್ಮ ಹೊಲ?"

"ಹೂಂ ತಾಯಿ. ನೋಡ್ಕೊಳ್ಳಿ, ಸೇವಂತ್ಗೆ."

"ನೀವು ಉತ್ತು ಹಾಕಿದೀರ ಅಂತ ಪಟ್ಟಿಲಿದೆಯಲ್ಲ? ಏಪ್ರಿಲ್‌ನಲ್ಲೇ ಬೆಳೆ ಸರ್ವೇಲಿ ನಿಮ್ಮ ಹೂವಿನ ಫೋಟೋ ಬಂದಿದೆ, ಹಣಾನೂ ಮಂಜೂರಾಗಿದೆ. ಉತ್ತಿರೋ ಬರೀ ಹೊಲದ್ದೊಂದು ಫೋಟೋ ತಗೊಂಡ್ರೆ ಮುಗೀತು ಅಂತ ಬಂದೆ."

ಮೂಡಲಗಿರಿಯಪ್ಪ ಅನಂತರಾಜುವನ್ನು ನೋಡಿದ. ಅನಂತರಾಜು ಮಳೆ ಬರಬಹುದೇ ಎಂದು ಆಕಾಶವನ್ನು ನೋಡಿದ.

ಮೂಡಲಗಿರಿಯಪ್ಪ ಹೊಲಕ್ಕಿಳಿದು ಒಂದು ಗಿಡವನ್ನು ಹಿಡಿದೆಳೆದ. ಅದು ಬೇರಿಲ್ಲದೆ ಬಂತು. "ಇಲ್ಲ ತಾಯಿ! ಇದು ಬೆಳ್ದಿದ್ದಲ್ಲ, ಕಟ್ಟಿದ್ದು! ಕೆಳಗೆ ಬರೀ ಹೊಲಾನೇ ಇರೋದು!"

ಅನುಪಮಾ ಪೆನ್ನಿನ ಮುಚ್ಚಳ ತೆಗೆದರು.

"ನೋಡಿ ಯಜಮಾನ್ರೇ. ಬೆಳೆ ಇದೆ ಅಂತ ಬರೆದ್ರೆ ಪರಿಹಾರ ಇಲ್ಲ. ಕಟ್ಟಿದ್ದು ಅಂತ ಬರೆದ್ರೆ ಪರಿಹಾರಾನೂ ಇಲ್ಲ, ಮೇಲೊಂದು ಕೇಸು. ಯಾವುದು ಬರೀಲಿ?"

ಮೂಡಲಗಿರಿಯಪ್ಪ ಕಿತ್ತ ಗಿಡವನ್ನು ಅದೇ ಗುಂಡಿಯಲ್ಲಿ ನೆಟ್ಟು, ಬುಡದ ಮಣ್ಣನ್ನು ಕಾಲಿನಿಂದ ಒತ್ತಿ ಹೇಳಿದ:

"ಬೆಳೆ ಅಂತ್ಲೇ ಬರೀರಿ ತಾಯಿ."

ತಪಾಸಣಾ ವರದಿಯ ಷರಾ: ಸೇವಂತಿಗೆ ಬೆಳೆ ಉತ್ತಮ ಸ್ಥಿತಿಯಲ್ಲಿದೆ, ನಷ್ಟ ಕಂಡುಬಂದಿಲ್ಲ.